ಒಳಮನೆಯ ಪ್ರವಾಸಿ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಮಾತು ಒಳ್ಳೆಯದೇ. ಆದರೆ ಅದನ್ನು ಆಡಿದವರ ಕಣ್ಣೆದುರಿಗೆ ಇದ್ದ ದೇಶಸಂಚಾರಿ ಗಂಡಸು ಎಂಬುದರಲ್ಲಿ ಸಂಶಯವಿಲ್ಲ. ಅವನು ಕಂಡದ್ದೇ ದೇಶ, ಅವನು ಬರೆದದ್ದೇ ಕೋಶ ಎಂದು ಬಹುಕಾಲ ನಡೆದುಬಂದಿತು. ಅವನು ಕೋಟೆಯನ್ನು ಕಂಡ, ಪೇಟೆಯನ್ನು ಕಂಡ, ದರಬಾರಿನಲ್ಲಿ ನಿಂತು ಸುಲ್ತಾನನ ಆಭರಣದ ಹರಳುಗಳನ್ನು ಎಣಿಸಿದ. ಅರ್ಧ ಊರು ಮಾತ್ರ ಅವನಿಗೆ ಕಾಣಲಿಲ್ಲ. ಮುಸಲ್ಮಾನರ ನಾಡುಗಳಲ್ಲಂತೂ ಪಡಸಾಲೆಯಿಂದಾಚೆಗಿನ ಬಾಗಿಲು ಪರಪುರುಷನಿಗೆ ಮುಚ್ಚಿತ್ತು. ಮುಚ್ಚಿದ ಬಾಗಿಲನ್ನು ಮುಚ್ಚಿದೆ ಎಂದಷ್ಟೇ ಬರೆದು ಸುಮ್ಮನಿರುವ ಸಂಯಮ ಎಷ್ಟು ಜನಕ್ಕೆ ಉಂಟು? ಕಾಣದುದನ್ನು ಕಲ್ಪನೆಯಿಂದ ತುಂಬಿ, ಅದನ್ನೇ ಕಂಡದ್ದೆಂದು ಅಚ್ಚು ಹಾಕಿಸಿದವರು ಯುರೋಪಿನಲ್ಲಿ ಹಲವರು.

ಆ ಬಾಗಿಲನ್ನು ದಾಟಿ ಒಳಗೆ ಹೋಗಿ, ಕುಳಿತು, ಮಾತಾಡಿ, ಹೊರಗೆ ಬಂದು ಬರೆದ ಇಂಗ್ಲಿಷ್ ಹೆಣ್ಣುಮಗಳೊಬ್ಬಳ ವಿಚಾರವನ್ನು ಇಂದು ಓದುಗರ ಮುಂದಿಡಬೇಕೆಂದಿದ್ದೇನೆ. ಆಕೆಯ ಹೆಸರು ಲೇಡಿ ಮೇರಿ ವರ್ಟ್ಲಿ ಮಾಂಟಗು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂದು ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನ್ನಂಥವಳಿಗೆ ಮುನ್ನೂರು ವರ್ಷದ ಹಿಂದಿನ ಈ ಕುಲೀನೆಯ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಆಕೆಯ ಕಥೆಯನ್ನು ಮೊದಲು ಹೇಳಿ, ಆ ಮಾತಿಗೆ ಆಮೇಲೆ ಬರುತ್ತೇನೆ.

ಮೇರಿ ಹುಟ್ಟಿದ್ದು 1689ರಲ್ಲಿ. ತಂದೆ ಶ್ರೀಮಂತ ಪ್ರಭು. ಹೆಣ್ಣುಮಕ್ಕಳಿಗೆ ಲ್ಯಾಟಿನ್ ಕಲಿಸುವ ಪದ್ಧತಿ ಆ ಮನೆತನಗಳಲ್ಲಿ ಇರಲಿಲ್ಲ. ಮೇರಿ ತಂದೆಯ ಪುಸ್ತಕಭಂಡಾರದಲ್ಲಿ ಕುಳಿತು ತಾನೇ ಕಲಿತಳು. ತಂದೆ ಗೊತ್ತುಮಾಡಿದ ವರನನ್ನು ಒಲ್ಲದೆ, 1712ರಲ್ಲಿ ಎಡ್ವರ್ಡ್ ವರ್ಟ್ಲಿ ಮಾಂಟಗು ಎಂಬಾತನೊಡನೆ ಓಡಿಹೋಗಿ ಮದುವೆಯಾದಳು. 1713ರಲ್ಲಿ ಆಕೆಯ ಒಬ್ಬನೇ ತಮ್ಮ ಸಿಡುಬಿನಿಂದ ತೀರಿಕೊಂಡ. 1715ರ ಕೊನೆಗೆ ಅದೇ ಬೇನೆ ಆಕೆಗೂ ತಗುಲಿತು. ಜೀವ ಉಳಿಯಿತು, ಸೌಂದರ್ಯಕ್ಕೆ ಹೆಸರಾಗಿದ್ದ ಮುಖದ ತುಂಬ ಕಲೆ ಉಳಿಯಿತು, ಕಣ್ಣೆವೆಯ ಕೂದಲು ಉದುರಿಹೋಯಿತು. ಮರುವರ್ಷ ಗಂಡನನ್ನು ತುರ್ಕಿಯ ಉಸ್ಮಾನೀ ಸುಲ್ತಾನರ ಆಸ್ಥಾನಕ್ಕೆ ಇಂಗ್ಲೆಂಡಿನ ರಾಯಭಾರಿಯಾಗಿ ನೇಮಿಸಿದರು. ಮಗುವನ್ನು ಕಟ್ಟಿಕೊಂಡು ಮೇರಿಯೂ ಹೊರಟಳು.

ಹಾದಿ ಭೂಮಾರ್ಗ. ವಿಯೆನ್ನಾ ದಾಟಿ, ಯುದ್ಧ ಮುಗಿದು ಹೆಣಗಳಿನ್ನೂ ಬಯಲಲ್ಲಿ ಬಿದ್ದಿದ್ದ ರಣಭೂಮಿಯ ಮೇಲೆ ಹಾದು, 1717ರ ಆರಂಭದಲ್ಲಿ ಬೆಲ್‌ಗ್ರೇಡಿಗೆ ಬಂದರು. ಬೆಲ್‌ಗ್ರೇಡ್ ಆಗ ಉಸ್ಮಾನೀ ರಾಜ್ಯಕ್ಕೆ ಸೇರಿತ್ತು. ಅಲ್ಲಿ ಸುಮಾರು ಮೂರು ವಾರ ಅವರು ಉಳಿದದ್ದು ಅಹ್ಮದ್ ಬೇ ಎಂಬ ವಿದ್ವಾಂಸನ ಮನೆಯಲ್ಲಿ. ದಿನವೂ ರಾತ್ರಿಯ ಊಟದ ಹೊತ್ತಿಗೆ ಆತ ಮೇರಿಗೆ ಅರಬ್ಬೀ ಕಾವ್ಯವನ್ನು ವಿವರಿಸುತ್ತಿದ್ದ. ಧರ್ಮದ ವಿಷಯ ಚರ್ಚಿಸುತ್ತಿದ್ದ. ಮುಂದೆ ಆಕೆ ತುರ್ಕಿ ಭಾಷೆಯನ್ನು ಅಭ್ಯಾಸ ಮಾಡಿ, ತುರ್ಕಿ ಕವಿತೆಯೊಂದನ್ನು ಇಂಗ್ಲಿಷಿಗೆ ತಂದು, ಕವಿ ಅಲೆಕ್ಸಾಂಡರ್ ಪೋಪನಿಗೆ ಕಳಿಸಿದ್ದುಂಟು. ನಾಡಿನ ಬಗ್ಗೆ ಬರೆಯುವ ಮೊದಲು ಆ ನಾಡಿನ ಮಾತನ್ನು ಕಲಿಯಬೇಕು ಎಂಬ ಈ ಸರಳವಾದ ನೇಮವನ್ನು ಎಷ್ಟು ಪ್ರವಾಸಿಗಳು ಪಾಲಿಸಿದ್ದಾರೆ?

ಆಕೆಯ ಪತ್ರಗಳಲ್ಲಿ ಬಹು ಪ್ರಸಿದ್ಧವಾದದ್ದು ಸೋಫಿಯಾ ಪಟ್ಟಣದ ಸ್ನಾನಗೃಹವನ್ನು ಕುರಿತದ್ದು. ಬಿಸಿನೀರಿನ ಬುಗ್ಗೆಗಳ ಮೇಲೆ ಕಟ್ಟಿದ, ಗುಮ್ಮಟಗಳ ಮೂಲಕ ಬೆಳಕು ಇಳಿಯುವ ಅಮೃತಶಿಲೆಯ ಮನೆ. ಸುಮಾರು ಇನ್ನೂರು ಹೆಂಗಸರು ಅಲ್ಲಿದ್ದರು. ಕೆಲವರು ಹರಟುತ್ತಿದ್ದರು, ಕೆಲವರು ಕೈಕೆಲಸದಲ್ಲಿದ್ದರು, ಕೆಲವರು ಕಾಫಿಯನ್ನೋ ಶರಬತ್ತನ್ನೋ ಕುಡಿಯುತ್ತಿದ್ದರು. ಎಲ್ಲರೂ ಹುಟ್ಟುಡುಗೆಯಲ್ಲಿ. ಕುದುರೆ ಸವಾರಿಯ ಉಡುಪು ತೊಟ್ಟು ಬಂದ ಪರದೇಶದ ಹೆಂಗಸನ್ನು ಕಂಡು ಒಬ್ಬರೂ ನಗಲಿಲ್ಲ, ಕಿವಿಯಲ್ಲಿ ಪಿಸುಗುಟ್ಟಲಿಲ್ಲ. ಯುರೋಪಿನ ಯಾವ ಅರಮನೆಯಲ್ಲಿಯೂ ಹೊಸಬಳಿಗೆ ಇಷ್ಟು ಮರ್ಯಾದೆ ಸಿಗಲಾರದು ಎಂದು ಮೇರಿಗೆ ಅನಿಸಿತು. ಅವರು ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಟ್ಟೆ ಕಳಚಿ ಸ್ನಾನಕ್ಕೆ ಇಳಿಯಲು ಒತ್ತಾಯ ಮಾಡಿದರು. ಬಿಡಿಸಿಕೊಳ್ಳಲಾರದೆ ಮೇರಿ ತನ್ನ ಅಂಗಿಯನ್ನು ತುಸು ಸರಿಸಿ, ಎದೆಯಿಂದ ಸೊಂಟದವರೆಗೆ ಬಿಗಿದಿದ್ದ ಗಟ್ಟಿಯಾದ ಒಳಕವಚವನ್ನು ತೋರಿಸಿದಳು. ಹೆಂಗಸರು ಒಮ್ಮೆಗೇ ಸುಮ್ಮನಾದರು. ಈ ಯಂತ್ರದೊಳಗೆ ಗಂಡನೇ ಇವಳನ್ನು ಬೀಗ ಹಾಕಿ ಇಟ್ಟಿದ್ದಾನೆ, ಕಳಚುವುದು ಇವಳ ಕೈಯಲ್ಲಿಲ್ಲ ಎಂದು ಅವರು ತಿಳಿದರಂತೆ!

ಪ್ರವಾಸ ಸಾಹಿತ್ಯದಲ್ಲಿ ಇದಕ್ಕಿಂತ ಸೊಗಸಾದ ಗಳಿಗೆಯನ್ನು ನಾನು ಓದಿಲ್ಲ. ತುರ್ಕಿಯ ಹೆಣ್ಣು ಬಂದಿನಿ ಎಂದು ಇಂಗ್ಲೆಂಡ್ ಮರುಗುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ಹೆಣ್ಣು ಬಂದಿನಿ ಎಂದು ತುರ್ಕಿಯ ಹೆಂಗಸರು ಮರುಗಿದರು. ಅದನ್ನು ಮುಚ್ಚಿಡದೆ ಬರೆದದ್ದು ಮೇರಿಯ ದೊಡ್ಡತನ. ನೋಡಲು ಹೋದವಳು ತಾನೂ ನೋಡಿಸಿಕೊಂಡಳು.

ಇದರಿಂದ ಆಕೆಯ ಕಣ್ಣು ಇನ್ನಷ್ಟು ಚುರುಕಾಯಿತು. ಮುಸಲ್ಮಾನರು ಹೆಣ್ಣಿಗೆ ಆತ್ಮವೇ ಇಲ್ಲವೆನ್ನುತ್ತಾರೆ ಎಂಬ ನಂಬಿಕೆ ಯುರೋಪಿನಲ್ಲಿ ಬಲವಾಗಿ ಹಬ್ಬಿತ್ತು. ಅದು ಸುಳ್ಳು ಎಂದು ಆಕೆ ಸ್ಪಷ್ಟವಾಗಿ ಬರೆದಳು. ಅಲ್ಲಿಯ ಸಿರಿವಂತ ಗೃಹಿಣಿಯ ಆಸ್ತಿ ಅವಳ ಕೈಯಲ್ಲಿಯೇ ಇರುವುದನ್ನು ಗುರುತಿಸಿದಳು. ಅಂದಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಹಣವೆಂದರೆ ಗಂಡನ ಹಣ. ಅದನ್ನು ತಿದ್ದುವ ಕಾಯಿದೆಗಳು ಅಲ್ಲಿ ಬಂದದ್ದು 1870 ಮತ್ತು 1882ರಲ್ಲಿ. ನಮ್ಮಲ್ಲಿ ಹಿಂದೂ ಮಗಳಿಗೆ ತಂದೆಯ ಸ್ವಯಾರ್ಜಿತದಲ್ಲಿ ಹಕ್ಕು ಬರೆದುಕೊಟ್ಟದ್ದು 1956ರ ಕಾಯಿದೆ. ಪಿತ್ರಾರ್ಜಿತದಲ್ಲಿ ಮಗನಿಗೆ ಸರಿಸಮನಾದ ಹಕ್ಕು ದೇಶಕ್ಕೆಲ್ಲ ದೊರೆತದ್ದು 2005ರಲ್ಲಿ. ಇಸ್ಲಾಮಿನ ನ್ಯಾಯದಲ್ಲಿ ಮಗಳ ಪಾಲು ಮಗನ ಪಾಲಿನ ಅರ್ಧವೇ ನಿಜ. ಆದರೆ ಆ ಅರ್ಧ ಅವಳ ಸ್ವಂತದ್ದು ಎಂಬುದು ನೂರಾರು ವರ್ಷಗಳಿಂದ ಬರೆದಿಟ್ಟ ಮಾತು.

ಮೇರಿ ತುರ್ಕಿಯಿಂದ ಒಯ್ದ ಬಹು ದೊಡ್ಡ ಗಂಟು ಮಾತ್ರ ಬೇರೆಯದು. ಅಲ್ಲಿ ಬೇಸಿಗೆಯ ಬಿಸಿ ಇಳಿದ ಮೇಲೆ, ಸೆಪ್ಟೆಂಬರಿನ ಹೊತ್ತಿಗೆ, ಹದಿನೈದು ಹದಿನಾರು ಜನ ಒಂದು ಮನೆಯಲ್ಲಿ ಸೇರುವರು. ಮುದುಕಿಯೊಬ್ಬಳು ಸೌಮ್ಯವಾದ ಸಿಡುಬಿನ ಕೀವನ್ನು ಕಾಯಿಯ ಚಿಪ್ಪಿನಲ್ಲಿ ತರುವಳು. ಸೂಜಿಯಿಂದ ನರವನ್ನು ಗೀರಿ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟನ್ನು ಒಳಗಿಟ್ಟು, ಮೇಲೊಂದು ಚಿಪ್ಪು ಇಟ್ಟು ಕಟ್ಟುವಳು. ಎಂಟನೆಯ ದಿನ ಜ್ವರ; ಎರಡು ದಿನ ಹಾಸಿಗೆ; ಆಮೇಲೆ ಜನ್ಮಕ್ಕೆಲ್ಲ ಆ ಬೇನೆಯ ಭಯವಿಲ್ಲ. 1717ರ ಏಪ್ರಿಲ್ 1ರ ಪತ್ರದಲ್ಲಿ ಮೇರಿ ಇದನ್ನು ಗೆಳತಿಗೆ ವಿವರಿಸಿದಳು. 1718ರ ಮಾರ್ಚಿಯಲ್ಲಿ, ರಾಯಭಾರ ಕಚೇರಿಯ ವೈದ್ಯ ಚಾರ್ಲ್ಸ್ ಮೇಟ್ಲಂಡ್ ಪಕ್ಕದಲ್ಲಿರಲು, ಒಬ್ಬ ಗ್ರೀಕ್ ಮುದುಕಿಯ ಕೈಯಿಂದ ತನ್ನ ಐದು ವರ್ಷದ ಮಗನಿಗೆ ಇದನ್ನು ಮಾಡಿಸಿದಳು. 1721ರಲ್ಲಿ ಲಂಡನ್ನಿನಲ್ಲಿ ಸಿಡುಬು ಹಬ್ಬಿದಾಗ, ವೈದ್ಯರ ಕಣ್ಣೆದುರಿಗೇ ಮೂರು ವರ್ಷದ ಮಗಳಿಗೆ ಮಾಡಿಸಿದಳು. ಅದೇ ವರ್ಷ ನ್ಯೂಗೇಟ್ ಸೆರೆಮನೆಯ ಆರು ಕೈದಿಗಳ ಮೇಲೆ ಪರೀಕ್ಷೆ ನಡೆಯಿತು. ಆರೂ ಜನ ಬದುಕಿದರು. 1722ರಲ್ಲಿ ರಾಜಕುಮಾರಿಯರಿಗೂ ಹಾಕಿದರು.

ಇಲ್ಲೊಂದು ಮಾತನ್ನು ಗಮನಿಸಬೇಕು. ಈ ಪದ್ಧತಿಯ ವರದಿ 1714ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ತಲುಪಿತ್ತು. ಇಮ್ಯಾನುಯೆಲ್ ಟಿಮೋನಿ ಎಂಬ ವೈದ್ಯ ಬರೆದಿದ್ದ. ವರದಿ ಕಾಗದದಲ್ಲಿ ಉಳಿಯಿತು. ತಮ್ಮನನ್ನು ಕಳೆದುಕೊಂಡ, ತನ್ನ ಮುಖವನ್ನು ಕಳೆದುಕೊಂಡ ತಾಯಿಯೊಬ್ಬಳು ಮುದುಕಿಯರ ನಡುವೆ ಕುಳಿತು ನೋಡಿ, ನಂಬಿ, ತನ್ನ ಮಕ್ಕಳ ತೋಳನ್ನು ಒಡ್ಡಿದಾಗ ಅದು ಕಾಗದದಿಂದ ಎದ್ದು ನಡೆಯಿತು. ಇದೇ ಹಾದಿಯಲ್ಲಿ ಮುಂದೆ 1796ರಲ್ಲಿ ಎಡ್ವರ್ಡ್ ಜೆನ್ನರ್ ಗೋವಿನ ಸಿಡುಬಿನಿಂದ ಹೆಚ್ಚು ಕ್ಷೇಮವಾದ ಲಸಿಕೆಯನ್ನು ಕಂಡುಕೊಂಡ. ನಮ್ಮ ಕಡೆ ಸಿಡುಬಿಗೆ ಅಮ್ಮ, ದೇವಿ ಎಂದೇ ಹೆಸರು. ನನ್ನ ವಯಸ್ಸಿನವರ ತೋಳಿನ ಮೇಲೆ ಲಸಿಕೆಯ ದುಂಡು ಗುರುತು ಇನ್ನೂ ಇದೆ. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರ ಮೇ ತಿಂಗಳಲ್ಲಿ. ಲೋಕವೇ ಆ ಬೇನೆಯಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ.

ಲೇಡಿ ಮೇರಿಯನ್ನು ಹೊಗಳಿ ಇಲ್ಲಿಗೇ ನಿಲ್ಲಿಸುವುದು ಸುಲಭ, ನ್ಯಾಯವಲ್ಲ. ಆಕೆ ಹೊಕ್ಕದ್ದು ಪಾಶಾಗಳ, ವಜೀರರ ಮನೆಗಳನ್ನು. ಮುಸುಕಿನ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಊರೆಲ್ಲ ಅಡ್ಡಾಡಬಹುದಾದ ತುರ್ಕಿಯ ಹೆಂಗಸೇ ಲೋಕದಲ್ಲಿ ಸ್ವತಂತ್ರಳು ಎಂದು ಆಕೆ ಬರೆದದ್ದು ಅರ್ಧ ವಿನೋದ, ಅರ್ಧ ಅತಿಶಯ. ಆ ಸ್ನಾನಗೃಹದಲ್ಲಿಯೇ ಒಡತಿಯರ ಹೆರಳು ಹಾಕುತ್ತಿದ್ದ ಹದಿನೇಳು ಹದಿನೆಂಟರ ದಾಸಿಯರಿದ್ದರು. ಅವರ ಚೆಲುವನ್ನು ಕಂಡ ಮೇರಿ ಅವರ ಹೆಸರನ್ನು ಕೇಳಲಿಲ್ಲ. ತುರ್ಕಿಯ ಗುಲಾಮರ ಪಾಡು ಇಂಗ್ಲೆಂಡಿನ ಆಳುಗಳ ಪಾಡಿಗಿಂತ ಕಡೆಯಲ್ಲ ಎಂದು ಹಗುರಾಗಿ ಹೇಳಿ ಮುಂದೆ ಸಾಗಿದಳು. ಒಳಮನೆಯೊಳಗೂ ಇನ್ನೊಂದು ಒಳಮನೆ ಇರುತ್ತದೆ. ಅದರ ಬಾಗಿಲನ್ನು ಆಕೆ ತಟ್ಟಲಿಲ್ಲ.

ಆಕೆಯ ಬರವಣಿಗೆಗೆ ಒದಗಿದ ಗತಿಯೂ ವಿಚಿತ್ರವಾದದ್ದು. ಪತ್ರಗಳು ಅಚ್ಚಾದದ್ದು 1763ರಲ್ಲಿ, ಆಕೆ ತೀರಿಕೊಂಡ ಮರುವರ್ಷ. ಬಹಳ ವರ್ಷ ಬರೆದಿಟ್ಟ ದಿನಚರಿಯನ್ನು ಮಗಳೇ ಮರ್ಯಾದೆಗೆ ಅಂಜಿ ಸುಟ್ಟಳು. ಸ್ನಾನಗೃಹದ ಪತ್ರದ ಸಾಲುಗಳನ್ನು ಆಂಗ್ರ್ ಎಂಬ ಫ್ರೆಂಚ್ ಚಿತ್ರಕಾರ ತನ್ನ ಟಿಪ್ಪಣಿ ಪುಸ್ತಕದಲ್ಲಿ ನಕಲು ಮಾಡಿಕೊಂಡಿದ್ದ. ಪೂರ್ವದೇಶವನ್ನು ಎಂದೂ ಕಾಣದ ಆತ, ಎಂಬತ್ತು ದಾಟಿದ ಮೇಲೆ, 1862ರ ಸುಮಾರಿಗೆ ತುರ್ಕಿಯ ಸ್ನಾನವೆಂಬ ಪ್ರಸಿದ್ಧ ಚಿತ್ರವನ್ನು ಮುಗಿಸಿದ. ಅಲ್ಲಿ ಹೆಂಗಸರ ದೇಹಗಳಿವೆ. ಅವರ ಗೌರವ, ಅವರ ಪ್ರಶ್ನೆ, ಅವರ ಮರುಕ ಇಲ್ಲ. ಹೆಣ್ಣೊಬ್ಬಳು ತೆರೆದ ಬಾಗಿಲಿನ ಮುಂದೆ ಗಂಡಸು ಮತ್ತೆ ತನ್ನ ಕನಸಿನ ಪರದೆಯನ್ನೇ ಇಳಿಬಿಟ್ಟ.

ಇನ್ನು ನಮ್ಮ ಜಿಲ್ಲೆಯ ಮಾತಿಗೆ ಬರುತ್ತೇನೆ. ಮೇರಿ ತನ್ನ ಪತ್ರಗಳನ್ನು ಬರೆದ ಊರುಗಳಲ್ಲಿ ಒಂದು ಏಡ್ರಿಯಾನೋಪಲ್, ಇಂದಿನ ಎದಿರ್ನೆ. ಅಲ್ಲಿ 1451ರಲ್ಲಿ ಸುಲ್ತಾನ ಎರಡನೆಯ ಮುರಾದ್ ತೀರಿಕೊಂಡ. ವಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಸ್ತಾ ಹೇಳುವ ಕಥೆಯಂತೆ, ಆದಿಲಶಾಹಿಯ ಮೂಲಪುರುಷ ಯೂಸುಫ್ ಆದಿಲ್ ಖಾನ್ ಈ ಮುರಾದನ ಮಗ. ಹೊಸ ಸುಲ್ತಾನ ತಮ್ಮನ ಕೊರಳು ಹಿಸುಕಲು ಆಜ್ಞೆ ಮಾಡಿದಾಗ, ತಾಯಿ ಒಂದು ದಿನದ ಗಡುವು ಬೇಡಿ, ಅದೇ ರೂಪಿನ ಗುಲಾಮ ಹುಡುಗನೊಬ್ಬನನ್ನು ಮಗನ ಬದಲಿಗೆ ಒಪ್ಪಿಸಿ, ಮಗನನ್ನು ಪರ್ಷಿಯಾದ ವ್ಯಾಪಾರಿಯೊಡನೆ ದಾಟಿಸಿದಳಂತೆ. ಎಲ್ಲ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಆದರೂ ಕಥೆಯ ಅರ್ಥ ದೊಡ್ಡದು. ನಮ್ಮ ನೆಲವನ್ನು ಎರಡು ಶತಮಾನ ಆಳಿದ ವಂಶವು ತನ್ನ ಹುಟ್ಟನ್ನು ಹೇಳಿಕೊಳ್ಳುವಾಗ ರಣರಂಗದಿಂದ ಆರಂಭಿಸಲಿಲ್ಲ. ಒಳಮನೆಯ ತಾಯಿಯೊಬ್ಬಳ ಜಾಣತನದಿಂದ ಆರಂಭಿಸಿತು. ಸತ್ತ ಗುಲಾಮ ಹುಡುಗನಿಗೂ ಒಬ್ಬ ತಾಯಿ ಇದ್ದಳು. ಅವಳ ಮಾತನ್ನು ಫೆರಿಸ್ತಾ ಎತ್ತುವುದಿಲ್ಲ.

ಆದಿಲಶಾಹಿಯ ಕಾಲದಲ್ಲಿ ವಿಜಾಪುರಕ್ಕೆ ಬಂದು ಬರೆದ ಪ್ರವಾಸಿಗಳಿದ್ದಾರೆ. 1603ರ ಸುಮಾರಿಗೆ ಬಂದ ಮೊಗಲ್ ರಾಯಭಾರಿ ಅಸದ್ ಬೇಗ್ ಪೇಟೆಯ ವೈಭವವನ್ನು ಬಣ್ಣಿಸಿದ. ಹೋಗುವಾಗ ಅಕ್ಬರನಿಗಾಗಿ ಹೊಗೆಸೊಪ್ಪನ್ನು ಒಯ್ದ. 1673ರಲ್ಲಿ ಫ್ರೆಂಚ್ ಪಾದ್ರಿ ಕಾರೆ ಹಾದುಹೋದ. ಇವರೆಲ್ಲ ಗಂಡಸರು, ಕಂಡದ್ದು ಬೀದಿ. ಎದಿರ್ನೆಯಲ್ಲಿ ಮೇರಿ ಬೆರಗಾಗಿ ನೋಡಿದ ಸೆಲೀಮಿಯೆ ಮಸೀದಿಯ ಗುಮ್ಮಟದ ಅಡ್ಡಳತೆ ಸುಮಾರು 31 ಮೀಟರು. ನಮ್ಮ ಗೋಲಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರು. ಗುಮ್ಮಟದಲ್ಲಿ ನಾವು ಮೇಲಾದೆವು. ಆ ಗುಮ್ಮಟದ ಕೆಳಗೆ ಮಲಗಿದ ಬೇಗಮರು ಏನು ಮಾತಾಡುತ್ತಿದ್ದರು ಎಂದು ಬರೆದ ಒಬ್ಬ ಮೇರಿ ಮಾತ್ರ ನಮಗೆ ದೊರೆಯಲಿಲ್ಲ.

ದೊರೆತದ್ದು ಬೇರೆ. ವಿಜಾಪುರದ ಷಾಹಪುರ ದಿಣ್ಣೆಯ ಸೂಫಿಗಳ ಪರಂಪರೆಯಲ್ಲಿ ಚಕ್ಕೀನಾಮಾ ಎಂಬ ದಖನಿ ಪದಗಳು ಹುಟ್ಟಿದವು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣಿಗಾಗಿ ಕಟ್ಟಿದ ಹಾಡುಗಳು ಅವು. ಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ, ತಿರುಗುವ ಕಲ್ಲಿನಲ್ಲಿ ದೇವರ ನೆನಹನ್ನು ಕಾಣಿಸುವ ಬಗೆ ಅವುಗಳದ್ದು. ಅಮೆರಿಕದ ವಿದ್ವಾಂಸ ರಿಚರ್ಡ್ ಈಟನ್ ವಿಜಾಪುರದ ಸೂಫಿಗಳನ್ನು ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಸ್ಲಾಮಿನ ವಿಚಾರಗಳು ದಖ್ಖನದ ಮನೆಮನೆಗೆ ಇಳಿದದ್ದು ಈ ಕಲ್ಲಿನ ಹಾಡುಗಳಿಂದ ಎಂದು ತೋರಿಸಿದ್ದಾನೆ. ಮಾತು ಸಂತರದ್ದಿರಬಹುದು, ಉಸಿರು ಹೆಂಗಸರದು. ಪಕ್ಕದ ಗೋಡೆಯಾಚೆ ಅದೇ ನಸುಕಿನಲ್ಲಿ, ಅದೇ ಬಿಳಿಜೋಳವನ್ನು ಬೀಸುತ್ತ, ಇನ್ನೊಬ್ಬಳು ಕನ್ನಡದಲ್ಲಿ ಹಾಡುತ್ತಿದ್ದಳು. ಆ ಕನ್ನಡ ಹಾಡುಗಳನ್ನು ಭೀಮೆಯ ಸೀಮೆಯ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಆ ಬಳಗದಲ್ಲಿ ಧೂಲಾಸಾಹೇಬರೂ ಇದ್ದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು. ಮುಸಲ್ಮಾನ ತರುಣನೊಬ್ಬ ಕನ್ನಡದ ಗರತಿಯ ಹಾಡಿಗೆ ಕಿವಿಗೊಟ್ಟಿದ್ದ. ನಮ್ಮ ಕಿವಿ ಆ ಕಡೆಗೆ ಎಷ್ಟು ತಿರುಗಿದೆ?

ಈ ಪ್ರಶ್ನೆಯನ್ನು ನಾನು ನಿವೃತ್ತಿಗೆ ಮುಂಚಿನ ವರ್ಷ ಸಿಂದಗಿ ತಾಲ್ಲೂಕಿನ ಒಂದು ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಬೇರೆ ರೀತಿ ಕೇಳಿದೆ. ಬೇರೆ ಧರ್ಮದ ಗೆಳೆಯರ ಮನೆಯ ಅಡಿಗೆಮನೆಯವರೆಗೆ ಹೋದವರು ಎಷ್ಟು ಮಂದಿ? ನಲವತ್ತಕ್ಕೂ ಹೆಚ್ಚು ಮಕ್ಕಳಲ್ಲಿ ನಾಲ್ಕು ಕೈ ಎದ್ದವು. ನಾಲ್ಕೂ ಹುಡುಗಿಯರವು. ಈ ಮಕ್ಕಳೆಲ್ಲ ಮೊಹರಮ್ಮಿನಲ್ಲಿ ಒಟ್ಟಿಗೆ ಅಲಾಯಿ ಕುಣಿದವರು; ಇವರ ಹಿರಿಯರು ಕೂಡಿ ರಿವಾಯತ ಪದ ಹಾಡಿದವರು, ದರ್ಗಾದಲ್ಲಿ ಸಕ್ಕರೆ ಓದಿಸಿದವರು. ಬೀದಿಯಲ್ಲಿ ನಾವು ಐದುನೂರು ವರ್ಷದ ನೆಂಟರು; ಒಳಮನೆಯಲ್ಲಿ ಇನ್ನೂ ಅಪರಿಚಿತರು.

ಅದಕ್ಕೂ ಮೊದಲು ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ, ಶಾಲೆ ಬಿಟ್ಟ ಹುಡುಗಿಯನ್ನು ಮರಳಿ ಕರೆತರಲು ಅವಳ ಮನೆಗೆ ಹೋಗಿದ್ದೆ. “ಒಳಗ ಬರ್ರಿ ಅಕ್ಕೋರ, ಹೊಸ್ತಿಲದಾಗ ಯಾಕ ನಿಂತೀರಿ?” ಎಂದು ಅವಳ ಅಜ್ಜಿ ಕರೆದರು. ಮೂಲೆಯಲ್ಲಿ ಬೀಸುವ ಕಲ್ಲು ಗೋಡೆಗೆ ಒರಗಿತ್ತು. ಹಾಡು ಬರುತ್ತವೆಯೇ ಎಂದು ಕೇಳಿದೆ. “ಗಿರಣಿ ಬಂತು, ಹಾಡು ಹೋದೂರಿ. ಗಿರಣಿ ಹಾಡ ಕೇಳ್ತದೇನು?” ಎಂದು ನಕ್ಕರು. ಮೊಮ್ಮಗಳ ಬುರಖಾದ ವಿಷಯ, ಮದುವೆಯ ಅವಸರದ ವಿಷಯ ಎತ್ತಬೇಕೆಂದು ನಾನು ಮಾತು ಹುಡುಕುತ್ತಿದ್ದಾಗ, ಪ್ರಶ್ನೆ ಅವರ ಕಡೆಯಿಂದಲೇ ಬಂತು: “ಅಕ್ಕೋರ, ನಿಮ್ಮ ಮನಿತನದಾಗ ಗಂಡ ಸತ್ತ ಹೆಣ್ಮಗಳಿಗೆ ಮತ್ತ ಲಗ್ನ ಮಾಡೂದಿಲ್ಲಂತ, ಖರೇ ಏನ್ರಿ?” ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ಅಡಿಗೆಮನೆಯಲ್ಲಿಯೇ ಮುದುಕಿಯಾದ ನನ್ನ ಸೋದರತ್ತೆ ನೆನಪಾದಳು. ಖರೇ ಎಂದೆ. “ಪಾಪ, ಯಾ ಅಲ್ಲಾ” ಎಂದು ಅವರು ನನ್ನ ಕೈ ಹಿಡಿದುಕೊಂಡರು. ನನ್ನ ಮಾತನ್ನೂ ನಾನು ಆಮೇಲೆ ಆಡಿದೆ. ಅವರು ಸಿಟ್ಟಾಗದೆ ಕೇಳಿದರು. ಹುಡುಗಿ ಆ ವರ್ಷ ಪರೀಕ್ಷೆಗೆ ಕುಳಿತಳು.

ಇನ್ನೊಂದು ಸಮಾಜವನ್ನು ಟೀಕಿಸಬಾರದೆಂದು ನಾನು ಹೇಳುತ್ತಿಲ್ಲ. ಹದಿನಾರಕ್ಕೆ ಮದುವೆಯಾಗುವ ಹುಡುಗಿ ಯಾವ ಮನೆಯವಳಾದರೂ ಅನ್ಯಾಯ ಅನ್ಯಾಯವೇ. ಆದರೆ ಟೀಕೆಗೆ ಹಕ್ಕು ಹುಟ್ಟುವುದು ಹೊಸ್ತಿಲ ಹೊರಗೆ ನಿಂತಾಗ ಅಲ್ಲ. ಒಳಗೆ ಚಾಪೆಯ ಮೇಲೆ ಕುಳಿತು, ಅವರು ಕೇಳುವ ಪ್ರಶ್ನೆಗೂ ಉತ್ತರ ಕೊಟ್ಟ ಮೇಲೆ. ಲೇಡಿ ಮೇರಿಯ ಪತ್ರಗಳು ಇಂದಿಗೂ ಬಾಳುತ್ತಿರುವುದು ಈ ಕಾರಣದಿಂದ. ಲಂಡನ್ನಿನಿಂದ ಕಾನ್‌ಸ್ಟಾಂಟಿನೋಪಲ್ಲಿಗೆ ಹೋಗಲು ಆಕೆಗೆ ತಿಂಗಳುಗಟ್ಟಲೆ ಹಿಡಿಯಿತು. ಇಂಡಿಯಲ್ಲಾಗಲಿ ಬಾಗೇವಾಡಿಯಲ್ಲಾಗಲಿ ನಮಗೆ ಇರುವ ದೂರ ಒಂದು ಓಣಿ, ಒಂದು ಗೋಡೆ. ಬೀಸುವ ಕಲ್ಲಿನ ಹಾಡು ಬಲ್ಲ ಅಜ್ಜಿಯರು ಎರಡೂ ಕಡೆಯಲ್ಲಿ ಇನ್ನೂ ಕೆಲವರು ಉಳಿದಿದ್ದಾರೆ. ನಮ್ಮ ಕಾಲೇಜಿನ ಹೆಣ್ಣುಮಕ್ಕಳು ಒಂದು ವಹಿ, ಒಂದು ಲೇಖನಿ ಹಿಡಿದು ಈ ಬೇಸಿಗೆಯ ರಜೆಯಲ್ಲಿಯೇ ಹೊರಡಬೇಕು. ಅಜ್ಜಿಯರಿಗೆ ಹೆಚ್ಚು ರಜೆಗಳು ಉಳಿದಿಲ್ಲ.